ಔಟ್‌ಲುಕ್ ಇಲ್ಲದೆ ಹಳೇ ಇಮೇಲ್ ಫೈಲು ತೆರೆಯೋದು, ಹುಡುಕೋದು ಹೇಗೆ?

ಇದು ಈ ವಾರದ ವಿಡಿಯೊದ ಬರಹ ರೂಪ. ಪರದೆ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೀನಿ. ವಿಡಿಯೊ ನೋಡೋಕೆ ಪುರುಸೊತ್ತು ಇಲ್ಲದವರು ಇದನ್ನೇ ಓದ್ಕೋಬಹುದು.

ವಿಷಯ ಇಷ್ಟು. ಹಳೇ ಕಂಪ್ಯೂಟರಿನಿಂದ ತೆಗೆದಿಟ್ಟ ಇಮೇಲ್ ಫೈಲುಗಳಿವೆ. ಆ ಕಾಲದ ಮೇಲ್ ಪ್ರೋಗ್ರಾಂ ಈಗ ಇಲ್ಲ. ಅಕೌಂಟು ಮುಚ್ಚಿಹೋಗಿದೆ, ಪಾಸ್‌ವರ್ಡು ಗೊತ್ತಿದ್ದವರು ಕೆಲಸ ಬಿಟ್ಟು ಹೋಗಿದ್ದಾರೆ. ಆದರೆ ಒಳಗಿರೋ ಒಂದು ಪತ್ರ ಇವತ್ತು ಬೇಕೇ ಬೇಕು. ಏನು ಮಾಡೋದು?

ಎಲ್ಲಕ್ಕಿಂತ ಮೊದಲು ಈ ವಿಡಿಯೊದ ಮುಖ್ಯ ಮಾತು ಹೇಳಿಬಿಡ್ತೀನಿ. ಫೈಲು ತೆರೆಯೋದು ಅಂಥಾ ಕಷ್ಟದ ಕೆಲಸ ಅಲ್ಲ. ಕಷ್ಟ ಇರೋದು ಹುಡುಕೋದರಲ್ಲಿ. ಹುಡುಕಿದಾಗ ‘ಸಿಗಲಿಲ್ಲ’ ಅಂತ ಕಂಪ್ಯೂಟರ್ ಹೇಳಿದ ಮಾತ್ರಕ್ಕೆ ಪತ್ರ ಇಲ್ಲ ಅಂತ ಅರ್ಥ ಅಲ್ಲ. ಎಷ್ಟೋ ಸಲ ಪತ್ರ ಅಲ್ಲೇ ಇರತ್ತೆ, ನಾವು ಹುಡುಕಿದ ರೂಪದಲ್ಲಿ ಇರಲ್ಲ, ಅಷ್ಟೇ. ಯಾಕೆ ಅಂತ ಮುಂದೆ ನೋಡೋಣ.

ವಲ್ಲಾರ್ಪಾಡಂನ ಒಂದು ಕಚೇರಿ ಅಂದ್ಕೊಳ್ಳಿ

ಉದಾಹರಣೆಗೆ ಕೊಚ್ಚಿಗೆ ಹೋಗೋಣ. ಅಲ್ಲಿನ ವಲ್ಲಾರ್ಪಾಡಂ ದ್ವೀಪದಲ್ಲಿ ಕಂಟೇನರ್ ಟರ್ಮಿನಲ್ ಇದೆ. 2011ರ ಫೆಬ್ರವರಿ 11ರಂದು ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಉದ್ಘಾಟನೆ ಮಾಡಿದ್ದು. ನಮ್ಮ ಕೊಡಗು, ಹಾಸನ, ಚಿಕ್ಕಮಗಳೂರು ಕಡೆಯ ಕಾಫಿ ಮಂಗಳೂರಿಂದ ಹಡಗು ಹತ್ತೋ ಹಾಗೆ ಕೊಚ್ಚಿಯಿಂದಲೂ ಹತ್ತುತ್ತೆ. ಹಾಗಾಗಿ ಅಲ್ಲಿನ ಕ್ಲಿಯರಿಂಗ್ ಏಜೆಂಟರ ಇಮೇಲ್‌ಗಳಲ್ಲಿ ಕರ್ನಾಟಕದ ಊರುಗಳ ಹೆಸರು, ಒಮ್ಮೊಮ್ಮೆ ಕನ್ನಡವೂ ಇರೋದು ಸಹಜ.

ಅಂಥ ಒಂದು ಕಚೇರಿಯನ್ನು ಕಲ್ಪಿಸಿಕೊಳ್ಳಿ. ಕಾಫಿ ತುಂಬಿದ ಒಂದು ಕಂಟೇನರ್ ಬಗ್ಗೆ ನಾಲ್ಕು ವರ್ಷ ಆದ್ಮೇಲೆ ಪ್ರಶ್ನೆ ಎದ್ದಿದೆ. ‘ತೂಕದ ವ್ಯತ್ಯಾಸದ ಬಗ್ಗೆ ನಮಗೆ ಮೊದಲೇ ಯಾರೂ ತಿಳಿಸಿಲ್ಲ’ ಅಂತ ಎದುರಿನವರು ಹೇಳ್ತಾರೆ. ಇವರು ‘ಇಮೇಲ್ ಕಳಿಸಿದ್ವಿ’ ಅಂತಾರೆ. ಆ ಇಮೇಲ್ ತೋರಿಸಿದರೆ ಮಾತು ಮುಗೀತು. ತೋರಿಸದಿದ್ದರೆ ದುಡ್ಡು ಇವರ ಕೈಯಿಂದ ಹೋಗತ್ತೆ.

ಇದು ಬರೀ ವ್ಯಾಪಾರದ ಜಗಳವೂ ಅಲ್ಲ. ಕಸ್ಟಮ್ಸ್ ಬ್ರೋಕರ್‌ಗಳ 2018ರ ಲೈಸೆನ್ಸಿಂಗ್ ನಿಯಮಗಳ ಪ್ರಕಾರ ಬ್ರೋಕರ್ ತನ್ನ ದಾಖಲೆಗಳನ್ನು ಕನಿಷ್ಠ 5 ವರ್ಷ ಕಾಪಾಡಬೇಕು, ಅಧಿಕಾರಿಗಳು ಕೇಳಿದಾಗ ತೋರಿಸಬೇಕು. ಐದು ವರ್ಷದಲ್ಲಿ ಕಂಪ್ಯೂಟರು ಬದಲಾಗತ್ತೆ, ಮೇಲ್ ಕಂಪನಿ ಬದಲಾಗತ್ತೆ, ಕೆಲಸದವರು ಬದಲಾಗ್ತಾರೆ. ಉಳಿಯೋದು ಒಂದು ಫೈಲು.

ಇನ್ನೊಂದು ಘಟನೆ ನಿಮಗೆ ನೆನಪಿರಬಹುದು. 2025ರ ಮೇ ತಿಂಗಳಲ್ಲಿ ತಿರುವನಂತಪುರದ ಹತ್ತಿರದ ವಿಳಿಂಜಂ ಬಂದರಿಂದ ಕೊಚ್ಚಿಗೆ ಬರ್ತಿದ್ದ ‘ಎಂಎಸ್‌ಸಿ ಎಲ್ಸಾ 3’ ಹಡಗು 640 ಕಂಟೇನರ್‌ಗಳ ಸಮೇತ ಮುಳುಗ್ತು. ಹೀಗಾದಾಗ ಸರಕಿನ ಮಾಲೀಕರು ಬುಕಿಂಗ್ ಪತ್ರ, ಬಿಲ್ ಆಫ್ ಲೇಡಿಂಗ್, ಇನ್‌ವಾಯ್ಸ್ ಎಲ್ಲ ಒಟ್ಟು ಮಾಡಬೇಕಾಗತ್ತೆ. ಹಡಗು ಸಾಗಣೆ ಕಾನೂನಿನಲ್ಲಿ ಸಾಗಣೆದಾರರ ಮೇಲೆ ದಾವೆ ಹೂಡೋಕೆ ಸಾಮಾನ್ಯವಾಗಿ ಒಂದೇ ವರ್ಷದ ಗಡುವು. ಆ ಕಾಗದಗಳಲ್ಲಿ ಬಹುಪಾಲು ಇರೋದು ಇಮೇಲ್ ಒಳಗೇ, ಅಲ್ವಾ?

ಮೊದಲು ನಕಲು, ಆಮೇಲೆ ಬೇರೆ ಮಾತು

ಫೈಲು ಸಿಕ್ಕ ತಕ್ಷಣ ಡಬಲ್ ಕ್ಲಿಕ್ ಮಾಡಬೇಡಿ. ಮೊದಲು ಬೇರೆ ಡಿಸ್ಕಿಗೆ ನಕಲು ಮಾಡಿ. ಮೂಲ ಫೈಲಿಗೆ ‘ರೀಡ್ ಓನ್ಲಿ’ ಗುರುತು ಹಾಕಿ ಪಕ್ಕಕ್ಕಿಡಿ. ಕೆಲಸ ಎಲ್ಲ ನಕಲಿನ ಮೇಲೆ ನಡೀಲಿ. ಔಟ್‌ಲುಕ್‌ನ ಫೈಲನ್ನು ಔಟ್‌ಲುಕ್‌ನಲ್ಲೇ ತೆರೆದರೂ ಅದು ಫೈಲಿನ ಒಳಗೆ ಸಣ್ಣಪುಟ್ಟ ಬದಲಾವಣೆ ಮಾಡಿಬಿಡತ್ತೆ.

ಆಮೇಲೆ ಮೂಲ ಫೈಲಿನ ‘ಹ್ಯಾಶ್’ ಬರೆದಿಟ್ಟುಕೊಳ್ಳಿ. ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಒಂದೇ ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗತ್ತೆ. ವಿಂಡೋಸ್‌ನಲ್ಲಿ ‘ಸರ್ಟ್‌ಯುಟಿಲ್’ ಅನ್ನೋ ಕಮಾಂಡು, ಲಿನಕ್ಸ್‌ನಲ್ಲಿ ‘ಶಾ256ಸಮ್’ ಇದನ್ನು ಲೆಕ್ಕ ಹಾಕಿ ಕೊಡತ್ತೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಇದು ಬೇಕಾ ಅಂತ ಕೇಳಬಹುದು. ಕೋರ್ಟಿನ ತನಕ ಹೋದರೆ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸುವಾಗ ಜೊತೆಗೊಂದು ಪ್ರಮಾಣಪತ್ರ ಕೊಡಬೇಕು. ಅದರ ನಮೂನೆಯಲ್ಲೇ ಹ್ಯಾಶ್ ಬರೆಯೋಕೆ ಜಾಗ ಇದೆ. ಆ ಹಂತದಲ್ಲಿ ಏನು ಮಾಡಬೇಕು ಅನ್ನೋದನ್ನ ವಕೀಲರು ಹೇಳ್ತಾರೆ. ನಾವು ಮಾಡಬೇಕಾದ್ದು ಮೂಲ ಫೈಲನ್ನು ಕೆಡಿಸದೇ ಇರೋದು.

ಇನ್ನೊಂದು ಎಚ್ಚರಿಕೆ. ‘ಆನ್‌ಲೈನ್‌ನಲ್ಲಿ ಉಚಿತವಾಗಿ ತೆರೆದು ಕೊಡ್ತೀವಿ’ ಅನ್ನೋ ಜಾಲತಾಣಗಳಿಗೆ ಈ ಫೈಲನ್ನು ಹಾಕಬೇಡಿ. ಒಳಗೆ ಗಿರಾಕಿಗಳ ಪ್ಯಾನ್, ಬ್ಯಾಂಕ್ ವಿವರ, ದರಪಟ್ಟಿ ಎಲ್ಲ ಇರತ್ತೆ. ಹಾಗೇ ಹಳೇ ಇಮೇಲ್ ತೆರೆಯುವಾಗ ಇಂಟರ್ನೆಟ್ ಆಫ್ ಮಾಡ್ಕೊಳ್ಳೋದು ಒಳ್ಳೇದು. ಹಳೇ ವೈರಸ್ ಅಟ್ಯಾಚ್‌ಮೆಂಟುಗಳು ಅಲ್ಲೇ ಮಲಗಿರಬಹುದು.

ನಿಮ್ಮ ಹತ್ರ ಇರೋದು ಯಾವ ಜಾತಿ ಫೈಲು?

ಫೈಲಿನ ಹೆಸರಿನ ಕೊನೆ ನೋಡಿ. ಸಾಮಾನ್ಯವಾಗಿ ಸಿಗೋದು ಇವು.

ಇಎಂಎಲ್: ಒಂದು ಫೈಲಿಗೆ ಒಂದು ಇಮೇಲ್. ಇದು ಬರೀ ಪಠ್ಯ. ನೋಟ್‌ಪ್ಯಾಡ್‌ನಲ್ಲೇ ತೆರೆಯತ್ತೆ.

ಎಂಬಾಕ್ಸ್: ಸಾವಿರಾರು ಇಮೇಲ್‌ಗಳನ್ನು ಒಂದರ ಕೆಳಗೆ ಒಂದು ಅಂಟಿಸಿದ ಉದ್ದನೆ ಪಠ್ಯ. ಥಂಡರ್‌ಬರ್ಡ್ ಸಾಮಾನ್ಯವಾಗಿ ಹೀಗೇ ಇಡತ್ತೆ. ಗೂಗಲ್ ಟೇಕ್‌ಔಟ್‌ನಿಂದ ಜಿಮೇಲ್ ಇಳಿಸಿಕೊಂಡರೆ ಸಿಗೋದೂ ಇದೇ. ಪ್ರತಿ ಇಮೇಲ್ ‘ಫ್ರಮ್’ ಅನ್ನೋ ಪದ ಮತ್ತು ಒಂದು ಸ್ಪೇಸ್ ಇರೋ ಸಾಲಿನಿಂದ ಶುರುವಾಗತ್ತೆ. ಒಂದು ಪತ್ರ ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಗೊತ್ತಾಗೋದು ಆ ಸಾಲಿನಿಂದಲೇ.

ಪಿಎಸ್‌ಟಿ: ಔಟ್‌ಲುಕ್‌ನ ಗೋದಾಮು. ಇದು ಪಠ್ಯ ಅಲ್ಲ, ಒಂದು ಡೇಟಾಬೇಸ್. 2002ರ ತನಕದ ಔಟ್‌ಲುಕ್‌ಗಳಲ್ಲಿ ಇದು 2 ಜಿಬಿ ದಾಟುವಂತಿರಲಿಲ್ಲ. 2003ರಲ್ಲಿ ಯುನಿಕೋಡ್ ಮಾದರಿ ಬಂತು, 2010ರ ಆವೃತ್ತಿಯಿಂದ ಮಿತಿ 50 ಜಿಬಿ. ಮೈಕ್ರೋಸಾಫ್ಟ್ ಇದರ ರಚನೆಯನ್ನು 2010ರಲ್ಲಿ ಬಹಿರಂಗ ಮಾಡಿದೆ.

ಎಂಎಸ್‌ಜಿ: ಔಟ್‌ಲುಕ್‌ನಿಂದ ಒಂದೊಂದೇ ಪತ್ರ ಎಳೆದು ಡೆಸ್ಕ್‌ಟಾಪಿಗೆ ಹಾಕಿದಾಗ ಆಗೋ ಫೈಲು. ಇದೂ ಪಠ್ಯ ಅಲ್ಲ.

ಡಿಬಿಎಕ್ಸ್: ವಿಂಡೋಸ್ ಎಕ್ಸ್‌ಪಿ ಕಾಲದ ಔಟ್‌ಲುಕ್ ಎಕ್ಸ್‌ಪ್ರೆಸ್‌ನದು. ಹಳೇ ಡಿಸ್ಕುಗಳಲ್ಲಿ ಈಗಲೂ ಸಿಗತ್ತೆ.

ಇಷ್ಟರಲ್ಲಿ ಯಾವುದೇ ಇರಲಿ, ನಮ್ಮ ಗುರಿ ಒಂದೇ: ಅದನ್ನು ಎಂಬಾಕ್ಸ್ ಅಥವಾ ಇಎಂಎಲ್ ರೂಪಕ್ಕೆ ತರೋದು. ಪಿಎಸ್‌ಟಿಗೆ ‘ರೀಡ್‌ಪಿಎಸ್‌ಟಿ’ ಅನ್ನೋ ಉಚಿತ ಉಪಕರಣ ಇದೆ. ಉಬುಂಟುವಿನಲ್ಲಿ ‘ಪಿಎಸ್‌ಟಿ-ಯುಟಿಲ್ಸ್’ ಅನ್ನೋ ಪ್ಯಾಕೇಜ್ ಹಾಕಿಕೊಂಡರೆ ಬರತ್ತೆ. ವಿಂಡೋಸ್ ಇದ್ದವರು ಅದರೊಳಗಿನ ಲಿನಕ್ಸ್ ಸಬ್‌ಸಿಸ್ಟಮ್‌ನಲ್ಲಿ ಓಡಿಸಬಹುದು. ಅದಕ್ಕೆ ಮೈನಸ್ ಸಣ್ಣಕ್ಷರದ ‘ಇ’ ಕೊಟ್ಟರೆ ಪ್ರತಿ ಪತ್ರವೂ ಬೇರೆ ಬೇರೆ ಇಎಂಎಲ್ ಫೈಲಾಗಿ ಹೊರಗೆ ಬರತ್ತೆ. ಮೈನಸ್ ದೊಡ್ಡಕ್ಷರದ ‘ಡಿ’ ಸೇರಿಸಿದರೆ ಅಳಿಸಿದ ಪತ್ರಗಳನ್ನೂ ಸೇರಿಸತ್ತೆ. ಎಂಎಸ್‌ಜಿಗೆ ‘ಎಂಎಸ್‌ಜಿಕನ್ವರ್ಟ್’ ಅಂತ ಇನ್ನೊಂದು ಇದೆ.

ಎಂಬಾಕ್ಸ್ ನೇರವಾಗಿ ನೋಡಬೇಕು ಅಂದ್ರೆ ವಿಂಡೋಸ್‌ನಲ್ಲಿ ‘ಎಂಬಾಕ್ಸ್ ವ್ಯೂವರ್’ ಅನ್ನೋ ಉಚಿತ ಪ್ರೋಗ್ರಾಂ ಸಾಕು. ಅದು ಪತ್ರ ತೋರಿಸತ್ತೆ. ಅಕೌಂಟೂ ಕೇಳಲ್ಲ. 8 ಜಿಬಿ ಫೈಲನ್ನು ಮಾತ್ರ ನೋಟ್‌ಪ್ಯಾಡ್‌ನಲ್ಲಿ ತೆರೆಯೋಕೆ ಹೋಗಬೇಡಿ, ಕಂಪ್ಯೂಟರ್ ಕೂತುಬಿಡತ್ತೆ.

ಒಂದು ಇಮೇಲ್ ಒಳಗೆ ಏನಿರತ್ತೆ?

ಒಂದು ಇಎಂಎಲ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಮೇಲ್ಗಡೆ ಲಕೋಟೆ ಥರದ ಸಾಲುಗಳು: ಯಾರಿಂದ, ಯಾರಿಗೆ, ದಿನಾಂಕ, ವಿಷಯ, ಯಾವ ಸರ್ವರ್ ದಾಟಿ ಬಂತು. ಆಮೇಲೆ ಒಂದು ಖಾಲಿ ಸಾಲು. ಅದರ ಕೆಳಗೆ ಪತ್ರ. 1982ರಲ್ಲಿ ಬಂದ ಆರ್‌ಎಫ್‌ಸಿ 822 ಅನ್ನೋ ಒಪ್ಪಂದದ ಕಾಲದಿಂದ ಇವತ್ತಿನವರೆಗೂ ಈ ಚೌಕಟ್ಟು ಬದಲಾಗಿಲ್ಲ. ಅದಕ್ಕೇ ಹಳೇ ಪತ್ರ ಇವತ್ತೂ ಓದೋಕೆ ಆಗೋದು.

ಆದರೆ ಆ ಕಾಲದ ಇಮೇಲ್ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಹೊರಬಲ್ಲದಾಗಿತ್ತು. ಚಿತ್ರ, ಪಿಡಿಎಫ್, ಕನ್ನಡ, ಮಲಯಾಳಂ ಯಾವುದೂ ಹೋಗ್ತಿರಲಿಲ್ಲ. 1992ರಲ್ಲಿ ‘ಮೈಮ್’ ಅನ್ನೋ ವ್ಯವಸ್ಥೆ ಬಂತು. ಅದು ಎಲ್ಲವನ್ನೂ ಸರಳ ಇಂಗ್ಲಿಷ್ ಅಕ್ಷರಗಳ ವೇಷಕ್ಕೆ ಹಾಕಿ ಕಳಿಸತ್ತೆ. ಮುಖ್ಯವಾಗಿ ಎರಡು ವೇಷ: ‘ಬೇಸ್64’ ಮತ್ತು ‘ಕೋಟೆಡ್ ಪ್ರಿಂಟಬಲ್’. ಹುಡುಕಾಟ ಸೋಲೋದು ಇಲ್ಲೇ.

‘ಕಾಫಿ’ ಯಾಕೆ ಸಿಗಲ್ಲ?

‘ಕಾಫಿ’ ಅನ್ನೋ ಪದ ತಗೊಳ್ಳಿ. ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ನಾಲ್ಕು ಸಂಕೇತ: ಕ, ಆಕಾರದ ಇಳಿ, ಫ, ಗುಡಿಸು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಒಟ್ಟು 12 ಬೈಟ್. ಬೇಸ್64 ಪ್ರತಿ 3 ಬೈಟನ್ನು 4 ಇಂಗ್ಲಿಷ್ ಅಕ್ಷರ ಮಾಡತ್ತೆ, ಹಾಗಾಗಿ ‘ಕಾಫಿ’ 16 ಅಕ್ಷರಗಳ ಒಗಟಾಗತ್ತೆ. ಕೋಟೆಡ್ ಪ್ರಿಂಟಬಲ್‌ನಲ್ಲಿ ಪ್ರತಿ ಬೈಟಿಗೂ ಸಮಚಿಹ್ನೆ ಮತ್ತು ಎರಡು ಅಕ್ಷರ, ಅಂದ್ರೆ 36 ಅಕ್ಷರ.

ನೀವು ಫೈಲಿನಲ್ಲಿ ‘ಕಾಫಿ’ ಅಂತ ಟೈಪ್ ಮಾಡಿ ಹುಡುಕಿದರೆ ಆ ರೂಪದಲ್ಲಿ ಅದು ಅಲ್ಲಿ ಇಲ್ಲವೇ ಇಲ್ಲ. ಕಂಪ್ಯೂಟರ್ ಸುಳ್ಳು ಹೇಳ್ತಿಲ್ಲ, ನಮ್ಮ ಪ್ರಶ್ನೆ ತಪ್ಪು.

ಹಾಗಾದ್ರೆ ಬೇಸ್64 ರೂಪವನ್ನೇ ಹುಡುಕಿದರೆ? ‘ಕ’ ಅನ್ನೋದು ಬೇಸ್64ನಲ್ಲಿ ‘4 ಎಲ್ ಕೆ ವಿ’ ಆಗತ್ತೆ ನಿಜ. ಆದರೆ ಅದರ ಮುಂದೆ ಒಂದು ಸ್ಪೇಸ್ ಬಂದರೆ ಸಾಕು, ಮೂರು ಮೂರು ಬೈಟಿನ ಕಟ್ಟು ಒಂದು ಬೈಟ್ ಜರುಗತ್ತೆ, ಅದೇ ‘ಕ’ ಬೇರೆ ಅಕ್ಷರಗಳಾಗಿ ಕಾಣಿಸತ್ತೆ. ಹಾಗಾಗಿ ಆ ದಾರಿ ನಂಬೋ ಹಾಗಿಲ್ಲ.

ಇಂಗ್ಲಿಷ್ ಪತ್ರವಾದರೆ ತೊಂದರೆ ಇಲ್ಲ ಅಂದ್ಕೋಬೇಡಿ. ಕೋಟೆಡ್ ಪ್ರಿಂಟಬಲ್‌ನಲ್ಲಿ ಒಂದು ಸಾಲು 76 ಅಕ್ಷರ ಮೀರೋ ಹಾಗಿಲ್ಲ. ಮೀರಿದರೆ ಸಮಚಿಹ್ನೆ ಹಾಕಿ ಸಾಲು ಮುರಿಯತ್ತೆ, ಪದದ ನಡುವೆಯೇ ಆದರೂ ಸರಿ. ಕಂಟೇನರ್ ನಂಬರ್ ಅರ್ಧ ಈ ಸಾಲಿನಲ್ಲಿ, ಅರ್ಧ ಮುಂದಿನ ಸಾಲಿನಲ್ಲಿ ಇದ್ದರೆ ‘ಗ್ರೆಪ್’ ಥರದ ಸಾಲು ಹುಡುಕೋ ಉಪಕರಣಕ್ಕೆ ಅದು ಕಾಣಲ್ಲ. ಮೊಬೈಲಿನಿಂದ ಕಳಿಸಿದ ಎಷ್ಟೋ ಪತ್ರಗಳು ಪೂರ್ತಿ ಬೇಸ್64ನಲ್ಲೇ ಇರ್ತವೆ. ಪಿಎಸ್‌ಟಿ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ಔಟ್‌ಲುಕ್ ಸಾಮಾನ್ಯವಾಗಿ ಅದರ ಬೈಟುಗಳನ್ನು ಒಂದು ಕೋಷ್ಟಕದ ಪ್ರಕಾರ ಅದಲುಬದಲು ಮಾಡಿ ಇಡತ್ತೆ. ಅದರಲ್ಲಿ ನೇರವಾಗಿ ಹುಡುಕೋದು ದಂಡ.

ಸರಿಯಾದ ಕ್ರಮ: ಬಿಚ್ಚಿ, ಆಮೇಲೆ ಹುಡುಕಿ

ಪರಿಹಾರ ಏನಪ್ಪಾ ಅಂದ್ರೆ ಮೊದಲು ವೇಷ ಕಳಚಬೇಕು, ಆಮೇಲೆ ಹುಡುಕಬೇಕು. ಎರಡು ದಾರಿ ಇದೆ.

ಒಂದು, ‘ರಿಕಾಲ್’ ಥರದ ಡೆಸ್ಕ್‌ಟಾಪ್ ಹುಡುಕು ಯಂತ್ರ. ಇದು ಎಂಬಾಕ್ಸ್, ಇಎಂಎಲ್ ಎರಡನ್ನೂ ಓದತ್ತೆ, ಪತ್ರ ಬಿಚ್ಚತ್ತೆ, ಅಟ್ಯಾಚ್‌ಮೆಂಟಿನ ಪಿಡಿಎಫ್, ವರ್ಡ್ ಫೈಲುಗಳ ಒಳಗೂ ಹೋಗಿ ಒಂದು ಸೂಚಿ ತಯಾರು ಮಾಡತ್ತೆ. ಪುಸ್ತಕದ ಕೊನೆಯ ಪದಸೂಚಿ ಇರತ್ತಲ್ಲ, ಹಾಗೆ. ಫೈಲು ದೊಡ್ಡದಿದ್ದರೆ ಸೂಚಿ ಆಗೋಕೆ ಹೊತ್ತು ಹಿಡಿಯತ್ತೆ. ಆದ್ಮೇಲೆ ಹುಡುಕಾಟ ಕ್ಷಣದ ಕೆಲಸ.

ಎರಡು, ಸ್ವಲ್ಪ ಪ್ರೋಗ್ರಾಮಿಂಗ್ ಬರೋವರಿಗೆ ಪೈಥಾನ್. ಅದರ ಜೊತೆಗೇ ಬರೋ ‘ಮೇಲ್‌ಬಾಕ್ಸ್’ ಮತ್ತು ‘ಇಮೇಲ್’ ಅನ್ನೋ ಎರಡು ಮಾಡ್ಯೂಲ್ ಸಾಕು, ಬೇರೇನೂ ಹಾಕಿಕೊಳ್ಳಬೇಕಿಲ್ಲ. ಎಂಬಾಕ್ಸ್ ತೆರೆ, ಒಂದೊಂದೇ ಪತ್ರ ತಗೋ, ಅದರ ಪ್ರತಿ ಭಾಗವನ್ನೂ ಬಿಚ್ಚು, ಪಠ್ಯವಾದರೆ ಹುಡುಕು, ಸಿಕ್ಕರೆ ದಿನಾಂಕ, ಕಳಿಸಿದವರು, ವಿಷಯ ಮೂರನ್ನೂ ಒಂದು ಪಟ್ಟಿಗೆ ಬರಿ. ಇಪ್ಪತ್ತು ಸಾಲಿನ ಪ್ರೋಗ್ರಾಂ ಅಷ್ಟೇ. ವಿಷಯದ ಸಾಲೂ ವೇಷ ಹಾಕಿರತ್ತೆ, ಅದನ್ನೂ ಬಿಚ್ಚೋದು ಮರೀಬೇಡಿ.

ಒಂದು ಮಿತಿ ನೆನಪಿರಲಿ. ಸ್ಕ್ಯಾನ್ ಮಾಡಿದ ಬಿಲ್ ಆಫ್ ಲೇಡಿಂಗ್ ಪಿಡಿಎಫ್ ಆಗಿದ್ದರೂ ಒಳಗಿರೋದು ಚಿತ್ರ. ಅದಕ್ಕೆ ಓಸಿಆರ್ ಮಾಡಿಸದೆ ಒಳಗಿನ ನಂಬರು ಸಿಗಲ್ಲ. ಅಂಥದ್ದನ್ನು ದಿನಾಂಕ ಮತ್ತು ಕಳಿಸಿದವರ ಹೆಸರಿನಿಂದ ಹುಡುಕಿ, ಕಣ್ಣಾರೆ ನೋಡಬೇಕು.

ಏನಂತ ಹುಡುಕಬೇಕು?

ಇದು ನನಗೆ ತುಂಬ ಇಷ್ಟದ ಭಾಗ. ಉಪಕರಣ ಎಷ್ಟೇ ಚೆನ್ನಾಗಿದ್ದರೂ ಸರಿಯಾದ ಪದ ಕೊಡಬೇಕಾದ್ದು ನಾವು.

ಮೊದಲು ನಂಬರು. ಪ್ರತಿ ಕಂಟೇನರಿಗೂ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಏಳು ಅಂಕಿ ಇರತ್ತೆ. ಏಳರಲ್ಲಿ ಮೊದಲ ಆರು ಕ್ರಮಸಂಖ್ಯೆ, ಕೊನೆಯದು ತಾಳೆ ನೋಡೋ ಅಂಕಿ. ಮಾದರಿಯಾಗಿ ಕೊಡೋ ಒಂದು ನಂಬರು ‘ಸಿಎಸ್‌ಕ್ಯೂಯು 305438 3’. ಇದನ್ನು ಒಬ್ಬರು ಕೂಡಿಸಿ ಬರೀತಾರೆ, ಒಬ್ಬರು ಸ್ಪೇಸ್ ಬಿಡ್ತಾರೆ, ಇನ್ನೊಬ್ಬರು ಕೊನೆ ಅಂಕಿಗೆ ಮುಂಚೆ ಅಡ್ಡಗೆರೆ ಹಾಕ್ತಾರೆ. ಅದಕ್ಕೇ ನಡುವಿನ ಆರು ಅಂಕಿ ಮಾತ್ರ ಹುಡುಕಿ. ಮೂರೂ ಸಿಗತ್ತೆ.

ಆಮೇಲೆ ಊರಿನ ಹೆಸರು. ವಲ್ಲಾರ್ಪಾಡಂ ಅನ್ನೋದನ್ನ ಇಂಗ್ಲಿಷಿನಲ್ಲಿ ಕೆಲವರು ಕೊನೆಗೆ ‘ಎ ಎಂ’ ಹಾಕಿ ಬರೀತಾರೆ, ಕೆಲವರು ‘ಓ ಎಂ’. ಕೊಚ್ಚಿ ಹೊಸ ಹೆಸರು, ಆದರೆ ಬಂದರಿನ ಹೆಸರಿನಲ್ಲಿ ಈಗಲೂ ಕೊಚ್ಚಿನ್. ಮಂಗಳೂರಿನ ಇಂಗ್ಲಿಷ್ ಕಾಗುಣಿತ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕೂ ಹಿಂದಿನ ಪತ್ರಗಳಲ್ಲಿ ಹಳೇ ಹೆಸರೇ ಇರತ್ತೆ. ವಲ್ಲಾರ್ಪಾಡಂ ಟರ್ಮಿನಲ್ ಶುರುವಾಗೋ ಮುಂಚೆ ಕಂಟೇನರ್ ಕೆಲಸ ನಡೀತಿದ್ದದ್ದು ವಿಲಿಂಗ್ಡನ್ ದ್ವೀಪದ ರಾಜೀವ್ ಗಾಂಧಿ ಟರ್ಮಿನಲ್‌ನಲ್ಲಿ. ಹಾಗಾಗಿ 2010ರ ಪತ್ರದಲ್ಲಿ ‘ವಲ್ಲಾರ್ಪಾಡಂ’ ಹುಡುಕಿದರೆ ಸಿಗೋದು ಕಷ್ಟ. ಪತ್ರ ಬರೆದ ಕಾಲದ ಹೆಸರಿನಲ್ಲಿ ಹುಡುಕಬೇಕು.

ಇನ್ನು ಕನ್ನಡ. ‘ಕೊಚ್ಚಿ’ಯ ‘ಕೊ’ವನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಇಡಬಹುದು. ಒಕಾರಕ್ಕೆ ಒಂದೇ ಸಂಕೇತ, ಅಥವಾ ಎತ್ವ ಮತ್ತು ಊಕಾರ ಎರಡು ಸಂಕೇತ ಸೇರಿಸಿ. ನೋಡೋಕೆ ಎರಡೂ ಒಂದೇ, ಹುಡುಕುವಾಗ ಬೇರೆ ಬೇರೆ. ಪೈಥಾನ್‌ನಲ್ಲಿ ‘ನಾರ್ಮಲೈಸ್’ ಮಾಡಿದರೆ ಸರಿಹೋಗತ್ತೆ. ‘ಕಂಟೇನರ್‌ಗಳು’ ಥರದ ಪದಗಳ ಮಧ್ಯೆ ಕಣ್ಣಿಗೆ ಕಾಣದ ಒಂದು ಗುರುತು ಇರತ್ತೆ, ಅದನ್ನೂ ತೆಗೆದು ಹೋಲಿಸಬೇಕು. ಬರಹ, ನುಡಿಯ ಹಳೇ ಫಾಂಟುಗಳಲ್ಲಿ ಬರೆದ ಪತ್ರಗಳು ಯುನಿಕೋಡ್ ಅಲ್ಲವೇ ಅಲ್ಲ. ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲಾಗಿ ಕಾಣ್ತವೆ. ಕೆಟ್ಟುಹೋಗಿದೆ ಅಂತ ಬಿಸಾಡಬೇಡಿ, ಯುನಿಕೋಡ್‌ಗೆ ಪರಿವರ್ತನೆ ಮಾಡೋ ಉಪಕರಣಗಳಿವೆ. ಕೊನೆಗೆ, ‘ಲೋಡ್ ಆಯ್ತಾ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದವರೇ ಜಾಸ್ತಿ. ಅದನ್ನು ಎಷ್ಟು ಥರ ಬರೀಬಹುದು ಅಂತ ಕೂತು ಪಟ್ಟಿ ಮಾಡಿ.

ದಿನಾಂಕದಲ್ಲೂ ಒಂದು ತಿರುವಿದೆ. ಹೆಡರಿನ ಸಮಯದ ಕೊನೆಗೆ ಪ್ಲಸ್ 0530 ಇದ್ದರೆ ಅದು ನಮ್ಮ ಸಮಯ. ಸೊನ್ನೆಗಳಿದ್ದರೆ ಐದೂವರೆ ಗಂಟೆ ಸೇರಿಸಬೇಕು. ರಾತ್ರಿ ಕಳಿಸಿದ ಪತ್ರದ ತಾರೀಖೇ ಇದರಿಂದ ಬದಲಾಗಬಹುದು. ‘ಗಡುವಿನ ಒಳಗೆ ಕಳಿಸಿದ್ರಾ ಇಲ್ವಾ’ ಅನ್ನೋ ಪ್ರಶ್ನೆ ಬಂದಾಗ ಇದು ಸಣ್ಣ ವಿಷಯ ಅಲ್ಲ.

‘ಇಲ್ಲ’ ಅನ್ನೋ ಮುಂಚೆ

ನಮ್ಮ ಕಾಲ್ಪನಿಕ ಕಚೇರಿಗೆ ವಾಪಸ್ ಬರೋಣ. ಅಲ್ಲಿನ ಹುಡುಗ ಮಾಲೀಕರ ಹತ್ರ ಹೋಗಿ ‘ಸರ್, ಹುಡುಕಿದೆ, ಆ ಇಮೇಲ್ ಇಲ್ಲ’ ಅಂತ ಹೇಳೋ ಮುಂಚೆ ಒಂದು ಹಾಳೆಯಲ್ಲಿ ಐದು ಸಾಲು ಬರೀಬೇಕು. ಯಾವ ಫೈಲು, ಅದರ ಹ್ಯಾಶ್ ಏನು. ಒಟ್ಟು ಎಷ್ಟು ಪತ್ರ ಹೊರಗೆ ಬಂತು, ಎಷ್ಟು ಬಿಚ್ಚೋಕೆ ಆಗಲಿಲ್ಲ. ಯಾವ ಯಾವ ಪದ, ನಂಬರ್ ಹಾಕಿ ಹುಡುಕಿದೆ. ಅಟ್ಯಾಚ್‌ಮೆಂಟ್ ಒಳಗೆ ನೋಡಿದೆನಾ. ಆ ತಾರೀಖಿನ ಹಿಂದೆ ಮುಂದೆ ಒಂದು ವಾರದ ಪತ್ರಗಳನ್ನು ಕಣ್ಣಿಂದ ನೋಡಿದೆನಾ.

ಈ ಐದಕ್ಕೂ ಉತ್ತರ ಇದ್ದರೆ ‘ಇಲ್ಲ’ ಅನ್ನೋ ಮಾತಿಗೆ ತೂಕ ಬರತ್ತೆ. ಇಲ್ಲದಿದ್ದರೆ ಅದು ‘ನನಗೆ ಕಾಣಲಿಲ್ಲ’ ಅಷ್ಟೇ. ಈ ಎರಡರ ನಡುವೆ ಒಂದು ಕಂಟೇನರ್ ಕಾಫಿಯ ದುಡ್ಡು ಇರಬಹುದು, ಒಬ್ಬ ಗುಮಾಸ್ತನ ಕೆಲಸವೂ ಇರಬಹುದು.

ಒಂದು ಕೆಲಸ ಇವತ್ತೇ ಮಾಡಿ. ಅಕೌಂಟು ಇನ್ನೂ ಜೀವಂತ ಇರುವಾಗಲೇ ವರ್ಷಕ್ಕೊಮ್ಮೆ ಎಂಬಾಕ್ಸ್ ಆಗಿ ಇಳಿಸಿ ಇಟ್ಟುಕೊಳ್ಳಿ. ಟೇಕ್‌ಔಟ್ ಕೊಂಡಿ ಒಂದು ವಾರದಲ್ಲಿ ಮುಗಿದುಹೋಗತ್ತೆ, ಬಂದ ದಿನವೇ ಇಳಿಸಿ. ಇಳಿಸಿದ ಮೇಲೆ ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಪತ್ರ ಹುಡುಕಿ ನೋಡಿ. ಅದು ಸಿಕ್ಕರೆ ಬ್ಯಾಕಪ್ಪೂ ಸರಿ ಇದೆ, ಹುಡುಕೋ ವಿಧಾನವೂ ಸರಿ ಇದೆ.

ಇವತ್ತಿಗೆ ಇಷ್ಟು. ಮುಂದಿನ ವಾರ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಿಗೆ ಕನ್ನಡ ಓಸಿಆರ್ ಮಾಡೋದು ಹೇಗೆ ಅಂತ ನೋಡೋಣ.